ಮೊದಲು ಫ್ಯಾನ್ ನೋಡಿ, ಆಮೇಲೆ ಲ್ಯೂಮೆನ್ಸ್: ಮನೆಗೆ ಪ್ರೊಜೆಕ್ಟರ್ ಆರಿಸುವಾಗ ‘ಸಣ್ಣ’ ಸೌಲಭ್ಯಗಳನ್ನು ಹೋಲಿಸುವ ಕ್ರಮ

ಕುಂಜಿಬೆಟ್ಟಿನ ಬಾಡಿಗೆ ಮನೆಯಲ್ಲಿ ನಮ್ಮ ಮೊದಲ ಪ್ರೊಜೆಕ್ಟರನ್ನು ಸ್ಲ್ಯಾಬಿಗೆ ತೂಗುಹಾಕಿದ ಸಂಜೆ ಮೊದಲ ಹತ್ತು ನಿಮಿಷ ಎಲ್ಲ ಸರಿಯಾಗಿಯೇ ಇತ್ತು. ಗೋಡೆ ತುಂಬ ನೂರು ಇಂಚಿನ ಚಿತ್ರ, ನೆಲದಲ್ಲಿ ಚಾಪೆ ಹಾಸಿ ಕೂತ ಮಕ್ಕಳು. ಅಷ್ಟರಲ್ಲಿ ಸೆಕೆ ತಡೆಯದೆ ಅಮ್ಮ ಎದ್ದು ಫ್ಯಾನ್ ಹಾಕಿದರು. ಪ್ರೊಜೆಕ್ಟರ್ ಹಿಂದಿನ ಗೋಡೆಯ ಹತ್ತಿರ, ಚಿತ್ರ ಎದುರಿನ ಗೋಡೆಯಲ್ಲಿ, ನಟ್ಟನಡುವೆ ಫ್ಯಾನು. ರೆಕ್ಕೆಗಳು ಬೆಳಕನ್ನು ಕಡಿಯತೊಡಗಿದವು. ಸುರತ್ಕಲ್‌ನಿಂದ ಬಂದಿದ್ದ ಭಾವ ಎರಡು ನಿಮಿಷ ನೋಡಿ, “ಇದೆಂತ ಭಾವ, ಸಿನಿಮಾವಾ, ಮಿಂಚಾ?” ಎಂದು ಕೇಳಿದ. ಮೇ ತಿಂಗಳಲ್ಲಿ ಉಡುಪಿಯಲ್ಲಿ ಫ್ಯಾನ್ ಆರಿಸಿ ಎರಡೂವರೆ ಗಂಟೆ ಕೂರುವ ಜನ ನಮ್ಮ ಮನೆಯಲ್ಲಂತೂ ಇಲ್ಲ.

ಕೊಳ್ಳುವಾಗ ನಾನು ನೋಡಿದ್ದು ಮೂರು ಸಂಗತಿ: ಎಷ್ಟು ಲ್ಯೂಮೆನ್ಸ್ (ಬೆಳಕಿನ ಅಳತೆ), ಎಷ್ಟು ರೆಸಲ್ಯೂಶನ್, ಎಷ್ಟು ಕಾಂಟ್ರಾಸ್ಟ್. ಮೂರೂ ಚೆನ್ನಾಗಿಯೇ ಇದ್ದವು. ನಮ್ಮನ್ನು ಕಾಡಿದ್ದೆಲ್ಲ ಬ್ರೋಷರಿನ ಕೊನೆಯ ಪುಟದ ಸಣ್ಣಕ್ಷರದಲ್ಲಿತ್ತು. ಲೆನ್ಸ್ ಶಿಫ್ಟ್ (ಮಿಷನ್ ಅಲುಗಿಸದೆ ಚಿತ್ರ ಸರಿಸುವ ಸೌಲಭ್ಯ) ಇಲ್ಲ, ಝೂಮ್ ಹೆಸರಿಗೆ ಮಾತ್ರ, ಬಿಸಿಗಾಳಿ ಬರುವುದು ಎಡಬದಿಯಿಂದ. ಆಮೇಲೆ ನೆಂಟರಿಷ್ಟರ ಏಳೆಂಟು ಮನೆಗಳಿಗೆ ಪ್ರೊಜೆಕ್ಟರ್ ಆರಿಸಿ ಕೊಟ್ಟಿದ್ದೇನೆ. ಈಗ ನನ್ನ ಕ್ರಮ ಉಲ್ಟಾ. ಮೊದಲು ಮನೆ ಅಳೆಯುವುದು, ಆ ಮನೆಗೆ ಯಾವ ಸಣ್ಣ ಸೌಲಭ್ಯ ಇಲ್ಲದೆ ಆಗುವುದೇ ಇಲ್ಲ ಎಂದು ಗುರುತು ಹಾಕಿಕೊಳ್ಳುವುದು, ಮಾಡೆಲ್ ನೋಡುವುದು ಕೊನೆಗೆ.

ಬೆಳಕು ಮತ್ತು ರೆಸಲ್ಯೂಶನ್ ಬಗ್ಗೆ ಎರಡೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಲ್ಯೂಮೆನ್ಸ್ ಅಂಕಿಯ ಪಕ್ಕದಲ್ಲಿ ‘ಆನ್ಸಿ’ ಅಥವಾ ‘ಐಎಸ್ಒ’ ಎಂದು ಅಳತೆಯ ಮಾನದಂಡದ ಹೆಸರು ಇಲ್ಲದಿದ್ದರೆ ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘4ಕೆ ಸಪೋರ್ಟ್’ ಎಂದರೆ 4ಕೆ ಸಿಗ್ನಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ, ಗೋಡೆಯ ಮೇಲೆ ಬೀಳುವುದು 720ಪಿ ಇರಬಹುದು. ‘ನೇಟಿವ್ ರೆಸಲ್ಯೂಶನ್’ ಎಷ್ಟು ಎಂದು ಕೇಳಿ. ಈ ಎರಡು ಜರಡಿಯಲ್ಲಿ ಸೋಸಿ ಉಳಿದ ಮೂರು-ನಾಲ್ಕು ಮಾಡೆಲ್‌ಗಳ ನಡುವೆ ಆರಿಸುವಾಗಲೇ ಮುಂದಿನ ಕೆಲಸವೆಲ್ಲ.

ಹಂತ 1: ಹಳೇ ಪೇಪರ್, ಟೇಪು, ಮೊಬೈಲ್ ಟಾರ್ಚ್

16:9 ಅಳತೆಯ 100 ಇಂಚಿನ (ಮೂಲೆಯಿಂದ ಎದುರು ಮೂಲೆಗೆ) ಚಿತ್ರ 221 ಸೆಂ.ಮೀ. ಅಗಲ, ಸುಮಾರು 125 ಸೆಂ.ಮೀ. ಎತ್ತರ ಇರುತ್ತದೆ. 120 ಇಂಚು ಬೇಕಾದರೆ 266 ಅಗಲ, 149 ಎತ್ತರ. ಹಳೇ ನ್ಯೂಸ್ ಪೇಪರ್ ಹಾಳೆಗಳನ್ನು ಈ ಅಳತೆಗೆ ಜೋಡಿಸಿ ಗೋಡೆಗೆ ಅಂಟಿಸಿ. ಮಳೆಗಾಲದಲ್ಲಾದರೆ ಟೇಪು ಕೀಳುವಾಗ ಪೇಂಟೂ ಜೊತೆಗೆ ಬರುತ್ತದೆ, ನಾಲ್ಕು ಮೂಲೆಗೆ ಸಣ್ಣ ಮೊಳೆ ಹೊಡೆದು ನೂಲು ಕಟ್ಟುವುದು ಮೇಲು. ಎರಡು ದಿನ ಹಾಗೇ ಬಿಡಿ. ನೂರಿಪ್ಪತ್ತು ಬೇಕೇಬೇಕು ಎಂದು ಹಟ ಹಿಡಿದವರಲ್ಲಿ ಅರ್ಧ ಜನ ಎರಡನೇ ದಿನಕ್ಕೆ ನೂರಕ್ಕೆ ಇಳಿದದ್ದನ್ನು ನೋಡಿದ್ದೇನೆ.

ಆಮೇಲೆ ಟಾರ್ಚಿನ ಪರೀಕ್ಷೆ. ಕತ್ತಲಾದ ಮೇಲೆ, ಪ್ರೊಜೆಕ್ಟರಿನ ಲೆನ್ಸ್ ಎಲ್ಲಿ ಬರಬೇಕು ಎಂದುಕೊಂಡಿದ್ದೀರೋ ಸರಿಯಾಗಿ ಅಲ್ಲಿ ಮೊಬೈಲಿನ ಟಾರ್ಚ್ ಹಿಡಿದು ಗೋಡೆಗೆ ಬಿಡಿ. ಫ್ಯಾನ್ ಹಾಕಿ. ಒಬ್ಬರಿಗೆ ಅಡುಗೆಮನೆಯಿಂದ ಚಾವಡಿಗೆ ನಡೆದು ಬರಲು ಹೇಳಿ. ಪೇಪರಿನ ಚೌಕದೊಳಗೆ ಯಾವುದರ ನೆರಳು ಬಿತ್ತೋ ಅದು ನಾಳೆ ಸಿನಿಮಾದ ಮೇಲೂ ಬೀಳುತ್ತದೆ. ನಾನು ಈ ಐದು ನಿಮಿಷದ ಕೆಲಸ ಮಾಡದೆ ಸ್ಲ್ಯಾಬಿಗೆ ನಾಲ್ಕು ತೂತು ಕೊರೆಸಿದ್ದೆ. ತೂತುಗಳು ಈಗಲೂ ಉಂಟು, ಓನರ್ ಇವತ್ತಿಗೂ ಕೇಳುತ್ತಾರೆ.

ಹಂತ 2: ಥ್ರೋ, ಝೂಮ್, ಆಫ್‌ಸೆಟ್, ಶಿಫ್ಟ್

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ. ಉಳಿದ ತಪ್ಪುಗಳಿಗೆ ಇನ್ನೊಂದು ಕೇಬಲ್ಲೋ ಸ್ಪೀಕರೋ ತಂದು ಪರಿಹಾರ ಮಾಡಿಕೊಳ್ಳಬಹುದು, ಇಲ್ಲಿ ತಪ್ಪಿದರೆ ಮಿಷನ್ನೇ ಬದಲಿಸಬೇಕು.

ಥ್ರೋ ರೇಶಿಯೋ ಎಂದರೆ ಗೋಡೆಯಿಂದ ಲೆನ್ಸಿಗಿರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದ ಲೆಕ್ಕ. ಬ್ರೋಷರಿನಲ್ಲಿ 1.2 ಎಂದು ಒಂದೇ ಅಂಕಿ ಇದ್ದರೆ ಆ ಪ್ರೊಜೆಕ್ಟರಿಗೆ ಝೂಮ್ ಇಲ್ಲ. 100 ಇಂಚಿಗೆ 221 × 1.2, ಅಂದರೆ 265 ಸೆಂ.ಮೀ. ದೂರದಲ್ಲೇ ಇಡಬೇಕು, ಅತ್ತಿತ್ತ ಮಾಡಿದರೆ ಚಿತ್ರದ ಸೈಜೇ ಬದಲಾಗುತ್ತದೆ. 1.32–2.15 ಎಂದಿದ್ದರೆ 292ರಿಂದ 475 ಸೆಂ.ಮೀ. ನಡುವೆ ಎಲ್ಲಿ ಬೇಕಾದರೂ ಇಡಬಹುದು. ಸುಮಾರು ಆರಡಿ ಸ್ವಾತಂತ್ರ್ಯ. ಫ್ಯಾನು, ತೊಲೆ, ಟ್ಯೂಬ್‌ಲೈಟು, ದೇವರ ಕೋಣೆಯ ಬಾಗಿಲು ಎಲ್ಲ ಇರುವ ಮನೆಯಲ್ಲಿ ಆ ಆರಡಿಯ ಬೆಲೆ ಗೊತ್ತಾಗುತ್ತದೆ.

ಇನ್ನು ಎತ್ತರದ ಲೆಕ್ಕ. ಹತ್ತಡಿ ಎತ್ತರದ ಸ್ಲ್ಯಾಬ್ ಎಂದುಕೊಳ್ಳಿ, 305 ಸೆಂ.ಮೀ. ಸೋಫಾದಲ್ಲಿ ಕೂತವರ ಕುತ್ತಿಗೆ ನೋಯಬಾರದೆಂದರೆ ಚಿತ್ರದ ತಳ ನೆಲದಿಂದ 75 ಸೆಂ.ಮೀ. ಇದ್ದರೆ ಒಳ್ಳೆಯದು. ಆಗ ಮೇಲಂಚು 200ಕ್ಕೆ ಬರುತ್ತದೆ. ಲೆನ್ಸ್ ಶಿಫ್ಟ್ ಇಲ್ಲದ ಬಹಳಷ್ಟು ಮಿಷನ್‌ಗಳಲ್ಲಿ ಬೆಳಕು ನೇರ ಹೋಗುವುದಿಲ್ಲ, ಸ್ವಲ್ಪ ಮೇಲಕ್ಕೆ ಏರಿ ಹೋಗುತ್ತದೆ. ತಲೆಕೆಳಗಾಗಿ ತೂಗುಹಾಕಿದರೆ ಅದೇ ಕೆಳಕ್ಕೆ ಇಳಿಯುತ್ತದೆ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಆಫ್‌ಸೆಟ್ ಚಿತ್ರದ ಎತ್ತರದ ಶೇ. 10 ಎಂದಾದರೆ, ತೂಗುಹಾಕಿದ ಲೆನ್ಸು ಮೇಲಂಚಿನಿಂದ ಹನ್ನೆರಡೂವರೆ ಸೆಂ.ಮೀ. ಮೇಲೆ, ಅಂದರೆ ನೆಲದಿಂದ ಸುಮಾರು 212 ಸೆಂ.ಮೀ. ಎತ್ತರದಲ್ಲಿ ಇರಬೇಕು. ಸ್ಲ್ಯಾಬಿನಿಂದ 93 ಸೆಂ.ಮೀ. ಕೆಳಗೆ! ಮೂರಡಿ ಪೈಪ್ ಬೇಕು. ಅಂಗಡಿಯವರು ಪೆಟ್ಟಿಗೆಯ ಜೊತೆ ಕೊಡುವ ಬ್ರ್ಯಾಕೆಟು ಅರ್ಧ ಅಡಿಯದ್ದು.

ಅರ್ಧ ಅಡಿಗೇ ತೂಗುಹಾಕಿದರೆ ಪ್ರೊಜೆಕ್ಟರಿನ ಮೂತಿಯನ್ನು ಕೆಳಗೆ ಬಗ್ಗಿಸಬೇಕಾಗುತ್ತದೆ. ಬಗ್ಗಿಸಿದ ಕೂಡಲೇ ಚಿತ್ರ ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿ ಮೊರದ ಆಕಾರಕ್ಕೆ ಬರುತ್ತದೆ. ಅದನ್ನು ನೇರ ಮಾಡುವ ಸೌಲಭ್ಯವೇ ಕೀಸ್ಟೋನ್. ಬ್ರೋಷರಿನಲ್ಲಿ ಇದನ್ನು ದೊಡ್ಡ ಗುಣವೆಂದು ಹೊಗಳಿರುತ್ತಾರೆ. ಆದರೆ ಕೀಸ್ಟೋನ್ ಲೆನ್ಸಿನಲ್ಲಿ ಏನನ್ನೂ ಮಾಡುವುದಿಲ್ಲ. ಒಳಗಿನ ಚಿಪ್ಪಿನ ಮೇಲೆಯೇ ಚಿತ್ರವನ್ನು ಚಿಕ್ಕದು ಮಾಡಿ, ವಾರೆಯಾಗಿ ಬರೆಯುತ್ತದೆ. ಕೆಲವು ಪಿಕ್ಸೆಲ್‌ಗಳು ಕೆಲಸವಿಲ್ಲದೆ ಕೂರುತ್ತವೆ, ಸಬ್‌ಟೈಟಲ್ ಅಕ್ಷರಗಳ ಅಂಚು ಒರಟಾಗುತ್ತದೆ. ಕೆಲಸವಿಲ್ಲದ ಆ ಪಿಕ್ಸೆಲ್‌ಗಳಿಂದಲೂ ಸ್ವಲ್ಪ ಬೆಳಕು ಸೋರುವುದರಿಂದ ಕತ್ತಲ ಕೋಣೆಯಲ್ಲಿ ಚಿತ್ರದ ಸುತ್ತ ಬೂದಿ ಬಣ್ಣದ ಮಸುಕು ಚೌಕಟ್ಟು ಕಾಣಿಸುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಅದನ್ನು ಕಾಣದೆ ಇರಲಿಕ್ಕೆ ಆಗುವುದಿಲ್ಲ.

ಲೆನ್ಸ್ ಶಿಫ್ಟ್ ಬೇರೆಯೇ ಜಾತಿ. ಮಿಷನ್ ಅಲುಗುವುದಿಲ್ಲ, ಒಳಗೆ ಗಾಜೇ ಮೇಲೆ ಕೆಳಗೆ ಸರಿಯುತ್ತದೆ. ಚಿತ್ರ ಚೌಕವಾಗಿಯೇ ಇರುತ್ತದೆ, ಪಿಕ್ಸೆಲ್ ನಷ್ಟವಿಲ್ಲ. ಮೇಲಿನ ಲೆಕ್ಕದಲ್ಲಿ ಚಿತ್ರದ ನಡುಮಧ್ಯ ನೆಲದಿಂದ 137 ಸೆಂ.ಮೀ. ಚಿಲ್ಲರೆ. ನಡುವಿನಿಂದ ಮೇಲಕ್ಕೂ ಕೆಳಕ್ಕೂ ಶೇ. 60 ಶಿಫ್ಟ್ ಇದ್ದರೆ, ಲೆನ್ಸು 63ರಿಂದ 212 ಸೆಂ.ಮೀ.ವರೆಗೆ ಯಾವ ಎತ್ತರದಲ್ಲಿದ್ದರೂ ನಡೆಯುತ್ತದೆ. ಟೀಪಾಯಿ ಆಗಬಹುದು, ಸೋಫಾದ ಹಿಂದಿನ ಪುಸ್ತಕದ ಕಪಾಟಾಗಬಹುದು, ಮೂರಡಿ ಪೈಪೂ ಆಗಬಹುದು. ಶಿಫ್ಟ್ ಇಲ್ಲದ ಮಿಷನ್ನಿಗೆ ಈ ಸಾಲಿನಲ್ಲಿ ಎರಡೇ ಜಾಗ, ಕೆಳಗಿನ ತುದಿ ಅಥವಾ ಮೇಲಿನ ತುದಿ. ಒಂದು ಎಚ್ಚರ: ಕೆಲವು ಕಂಪನಿಗಳು ಶಿಫ್ಟನ್ನು ಚಿತ್ರದ ಮಧ್ಯದಿಂದ ಎಣಿಸುತ್ತವೆ, ಕೆಲವು ಅಂಚಿನಿಂದ. ಎರಡು ಬ್ರೋಷರಿನ ಅಂಕಿ ಅಕ್ಕಪಕ್ಕ ಇಟ್ಟು ಹೋಲಿಸುವ ಮೊದಲು ಮ್ಯಾನುವಲ್‌ನ ಚಿತ್ರ ನೋಡಿಕೊಳ್ಳಿ.

ಫ್ಯಾನಿನ ಪ್ರಶ್ನೆಗೂ ಉತ್ತರ ಇದೇ ಲೆಕ್ಕದಲ್ಲಿ ಸಿಕ್ಕಿತು. ರೆಕ್ಕೆಗಳು ಸ್ಲ್ಯಾಬಿನಿಂದ ಒಂದು, ಒಂದೂವರೆ ಅಡಿ ಕೆಳಗೆ ತಿರುಗುತ್ತವೆ. ಲೆನ್ಸು 212ಕ್ಕೆ ಇಳಿದರೆ ಬೆಳಕು ರೆಕ್ಕೆಗಳ ಕೆಳಗೇ ಸಾಗುತ್ತದೆ.

ಹಂಚಿನ ಮನೆಯವರಿಗೆ ಒಂದು ಮಾತು. ಮರದ ಮುಚ್ಚಿಗೆಗೆ ಪ್ರೊಜೆಕ್ಟರ್ ತೂಗುಹಾಕಬೇಡಿ. ಅಟ್ಟದಲ್ಲಿ ಯಾರಾದರೂ ತೆಂಗಿನಕಾಯಿ ತೆಗೆಯಲು ನಡೆದರೆ ಕೆಳಗೆ ನಾಯಕನ ಮುಖ ಕುಣಿಯುತ್ತದೆ. ಗೋಡೆಗೆ ಶೆಲ್ಫ್ ಹಾಕಿಸಿ, ಲೆನ್ಸ್ ಶಿಫ್ಟ್ ಇರುವುದನ್ನೇ ಹುಡುಕಿ. ತಾನೇ ಫೋಕಸ್ ಮಾಡಿಕೊಂಡು ತಾನೇ ಕೀಸ್ಟೋನ್ ಸರಿಮಾಡಿಕೊಳ್ಳುವ ಸಣ್ಣ ಎಲ್‌ಇಡಿ ಪ್ರೊಜೆಕ್ಟರ್‌ಗಳು ಇವತ್ತು ಕೋಣೆಯಲ್ಲಿ, ನಾಳೆ ಅಂಗಳದಲ್ಲಿ ಎಂದು ಹೊತ್ತು ತಿರುಗುವವರಿಗೆ ಅನುಕೂಲ. ಒಂದೇ ಜಾಗದಲ್ಲಿ ಕಾಯಂ ಇಡುವವರು ಆ ‘ಆಟೋ’ಗೆ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

ಹಂತ 3: ಸದ್ದು, ಬಿಸಿಗಾಳಿ

ಬ್ರೋಷರಿನಲ್ಲಿ 24 ಡೆಸಿಬಲ್ ಎಂದಿದ್ದರೆ ಅದು ಹೆಚ್ಚಾಗಿ ಬೆಳಕು ತಗ್ಗಿಸಿ ಓಡಿಸುವ ಇಕೋ ಮೋಡ್‌ನದ್ದು, ಬೆಳಕಿನ ಅಂಕಿ ಮಾತ್ರ ಫುಲ್ ಮೋಡ್‌ನದ್ದು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಫುಲ್ ಮೋಡಿನ ಸದ್ದು ಎಷ್ಟು, ಇಕೋ ಮೋಡಿನ ಬೆಳಕು ಎಷ್ಟು ಎಂದು ನಾಲ್ಕೂ ಅಂಕಿ ಬರೆದುಕೊಂಡು ಹೋಲಿಸಿ. ಹತ್ತು ಡೆಸಿಬಲ್ ಹೆಚ್ಚಾದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಎನಿಸುತ್ತದೆ. ತಾರಸಿಯ ಮೇಲೆ ಶೀಟ್ ಹಾಕಿಸಿದ ಮನೆಗಳಲ್ಲಿ ಜೂನ್-ಜುಲೈಯಲ್ಲಿ ಇದೆಲ್ಲ ವ್ಯರ್ಥ ಚರ್ಚೆ, ಮಳೆಯ ಸದ್ದಿಗೆ ಡೈಲಾಗೇ ಕೇಳಿಸುವುದಿಲ್ಲ. ಜನವರಿಯ ರಾತ್ರಿ ಪ್ರೊಜೆಕ್ಟರ್ ನಿಮ್ಮ ತಲೆಯ ಮೇಲೇ ತೂಗುತ್ತಿದ್ದರೆ 35 ಡೆಸಿಬಲ್ ಸಹ ಗೊರಕೆಯ ಹಾಗೆ ಕೇಳುತ್ತದೆ.

ಬಿಸಿಗಾಳಿ ಯಾವ ಬದಿಯಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ, ನೀವು ಕೇಳಿ. ನಮ್ಮದು ಎಡಬದಿಯಿಂದ ಬರುತ್ತಿತ್ತು, ಎಡಬದಿಯಲ್ಲೇ ಅಪ್ಪನ ಕುರ್ಚಿ. ಶೆಲ್ಫಿನೊಳಗೆ ಇಡುವವರು ಗಾಳಿ ಬರುವ ಹೋಗುವ ಬದಿಯಲ್ಲಿ ಕಡಿಮೆಯೆಂದರೂ ಒಂದಡಿ ಜಾಗ ಬಿಡಬೇಕು. ಬಹುತೇಕ ಮಿಷನ್‌ಗಳನ್ನು 35ರಿಂದ 40 ಡಿಗ್ರಿವರೆಗಿನ ಕೋಣೆಗೆಂದು ಮಾಡಿರುತ್ತಾರೆ. ಮುಚ್ಚಿದ ಕಪಾಟಿನ ಒಳಗೆ ಆ ಮಿತಿ ಬೇಗ ದಾಟುತ್ತದೆ.

ಹಂತ 4: ಚೆಂಡೆ ಪರೀಕ್ಷೆ

ಒಳಗಿನ ಸ್ಪೀಕರ್ 5 ವ್ಯಾಟ್, 10 ವ್ಯಾಟ್ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಅಂಗಡಿಗೆ ಹೋಗುವಾಗ ಪೆನ್ ಡ್ರೈವಿನಲ್ಲಿ ಒಂದು ಬಯಲಾಟದ ರೆಕಾರ್ಡಿಂಗ್ ಹಾಕಿಕೊಂಡು ಹೋಗಿ, ಯುದ್ಧದ ಪದ್ಯ ಬರುವ ಜಾಗ ಹಚ್ಚಿ. ಭಾಗವತರ ಸ್ವರ, ಮದ್ದಳೆ, ಚೆಂಡೆ ಮೂರೂ ಒಟ್ಟಿಗೆ ಏರುವಾಗ ಸಣ್ಣ ಸ್ಪೀಕರ್ ತಗಡು ಬಡಿದ ಹಾಗೆ ಒಡೆಯುತ್ತದೆ, ಚೆಂಡೆ ಯಾವುದು ಪದ್ಯ ಯಾವುದು ಗೊತ್ತಾಗುವುದಿಲ್ಲ. ಆ ಪರೀಕ್ಷೆಯಲ್ಲಿ ಗೆದ್ದ ಪ್ರೊಜೆಕ್ಟರ್ ಸ್ಪೀಕರನ್ನು ನಾನಿನ್ನೂ ಕೇಳಿಲ್ಲ. ಆದ್ದರಿಂದ ಸ್ಪೀಕರಿಗೆ ಅಂಕ ಕೊಡುವುದನ್ನೇ ಬಿಟ್ಟು, ಸದ್ದನ್ನು ಹೊರಗೆ ಕಳಿಸಲು ಯಾವ ದಾರಿ ಕೊಟ್ಟಿದ್ದಾರೆ ಎಂದು ನೋಡುತ್ತೇನೆ.

ದಾರಿ ಮೂರು. ಸಾದಾ 3.5 ಎಂ.ಎಂ. ಜ್ಯಾಕ್ ಅಥವಾ ಆಪ್ಟಿಕಲ್ ಇದ್ದರೆ ಹಳೇ ಹೋಮ್ ಥಿಯೇಟರಿಗೂ ಆಗುತ್ತದೆ. ಎಚ್‌ಡಿಎಂಐ ಎಆರ್‌ಸಿ (ಎಚ್‌ಡಿಎಂಐ ಕೇಬಲಿನಲ್ಲೇ ಸದ್ದನ್ನು ಹೊರಗೆ ಕಳಿಸುವ ಸೌಲಭ್ಯ) ಇದ್ದರೆ ಒಂದೇ ಕೇಬಲಿನಲ್ಲಿ ಸೌಂಡ್‌ಬಾರಿಗೆ ಸದ್ದು ಹೋಗುತ್ತದೆ, ಒಂದೇ ರಿಮೋಟಿನಲ್ಲಿ ವಾಲ್ಯೂಮ್ ಬದಲಾಗುತ್ತದೆ. ದೊಡ್ಡ ಸರೌಂಡ್ ವ್ಯವಸ್ಥೆ ಇರುವವರು ಅದರದ್ದೇ ಹೆಚ್ಚು ಸಾಮರ್ಥ್ಯದ ಇಎಆರ್‌ಸಿ ಹುಡುಕಲಿ. ಬ್ಲೂಟೂತ್ ಮೂರನೆಯದು, ಸಸ್ತಾ, ಆದರೆ ಸದ್ದು ತುಸು ತಡವಾಗಿ ಬರುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು, ಐದನೇ ಒಂದು ಭಾಗ ತಡವಾದರೂ ತುಟಿ ಒಂದು ಕಡೆ, ಮಾತು ಒಂದು ಕಡೆ. ಬ್ಲೂಟೂತನ್ನೇ ನೆಚ್ಚುವುದಾದರೆ ಮೆನುವಿನಲ್ಲಿ ‘ಆಡಿಯೋ ಡಿಲೇ’ ಅಥವಾ ‘ಲಿಪ್ ಸಿಂಕ್’ ಹೊಂದಿಸಲು ಬರುತ್ತದಾ ನೋಡಿ.

ಹಂತ 5: ಕೇಬಲ್ ಮತ್ತು ಆ್ಯಪ್

ಎಚ್‌ಡಿಎಂಐ ಎರಡಾದರೂ ಬೇಕು, ಒಂದು ಸೆಟ್‌ಟಾಪ್ ಬಾಕ್ಸಿಗೆ, ಇನ್ನೊಂದು ಆ್ಯಪ್ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್ಕಿಗೆ. 4ಕೆ ನೋಡುವವರು ಪೋರ್ಟ್ ಎಚ್‌ಡಿಎಂಐ 2.0 ಹಾಗೂ ಎಚ್‌ಡಿಸಿಪಿ 2.2 (ನಕಲು ತಡೆಯುವ ಬೀಗ) ಎರಡಕ್ಕೂ ಸರಿಹೊಂದುತ್ತದೆಂದು ಖಾತ್ರಿ ಮಾಡಿಕೊಳ್ಳಲಿ. ಎರಡು ಪೋರ್ಟಿನಲ್ಲಿ ಒಂದಕ್ಕೆ ಮಾತ್ರ ಆ ಯೋಗ್ಯತೆ ಇರುವ ಮಾಡೆಲ್‌ಗಳೂ ಉಂಟು.

ಸ್ಲ್ಯಾಬಿನಿಂದ ತೂಗುವವರ ತೊಂದರೆ ಕೇಬಲಿನ ಉದ್ದದ್ದು. ಗೋಡೆ ಹತ್ತಿ, ಅಡ್ಡ ಹೋಗಿ, ಪೈಪ್ ಇಳಿಯುವಷ್ಟರಲ್ಲಿ ಹತ್ತು ಮೀಟರ್ ಮುಗಿಯುತ್ತದೆ. ಸಾದಾ ತಾಮ್ರದ ಕೇಬಲಿನಲ್ಲಿ 4ಕೆ ಸಿಗ್ನಲ್ ಐದು ಮೀಟರ್ ದಾಟಿದರೆ ಮಿನುಗಲು ಶುರು. ಫೈಬರ್ ಎಚ್‌ಡಿಎಂಐ ಹಾಕಿಸಿ. ಅದಕ್ಕೆ ದಿಕ್ಕು ಉಂಟು, ಒಂದು ತುದಿ ಬಾಕ್ಸಿಗೆ, ಇನ್ನೊಂದು ಪ್ರೊಜೆಕ್ಟರಿಗೆ ಎಂದು ಬರೆದಿರುತ್ತದೆ. ಮಂಗಳೂರಿನ ಬೆಜೈಯ ಒಂದು ಫ್ಲ್ಯಾಟಿನಲ್ಲಿ ಅದನ್ನು ಉಲ್ಟಾ ಎಳೆದು, ಪುಟ್ಟಿ ಪೇಂಟ್ ಎಲ್ಲ ಮುಗಿಸಿ ಆಮೇಲೆ ‘ನೋ ಸಿಗ್ನಲ್’ ನೋಡಿಕೊಂಡು ಕೂತಿದ್ದೆವು. ಹೊಸ ಮನೆ ಕಟ್ಟುತ್ತಿರುವವರು ಎಲೆಕ್ಟ್ರಿಷಿಯನ್ನಿಗೆ ಒಂದೂಕಾಲು ಇಂಚಿನ ಪೈಪ್ ಒಂದು ಬೇರೆಯೇ ಹಾಕಲು ಹೇಳಿ. ಕೇಬಲ್ ಸಪೂರ, ಅದರ ತಲೆಯೇ ಸುಮಾರು ಎರಡು ಸೆಂ.ಮೀ. ಅಗಲ.

ಒಳಗಿನ ಆ್ಯಪ್‌ಗಳಿಗಾಗಿ ಹೆಚ್ಚು ದುಡ್ಡು ಕೊಡಬೇಡಿ ಎಂಬುದು ನನ್ನ ಅಭಿಪ್ರಾಯ. ಸಸ್ತಾ ಆಂಡ್ರಾಯ್ಡ್ ಪ್ರೊಜೆಕ್ಟರ್‌ಗಳಲ್ಲಿ ನೆಟ್‌ಫ್ಲಿಕ್ಸ್ ಇನ್‌ಸ್ಟಾಲ್ ಆಗುತ್ತದೆ, ಆದರೆ ಪರವಾನಗಿ ಇಲ್ಲದ ಮಿಷನ್ನಿಗೆ ಅದು ಎಚ್‌ಡಿ ಚಿತ್ರ ಕೊಡುವುದಿಲ್ಲ. ಹಣ ಕಟ್ಟಿದ್ದು 4ಕೆ ಪ್ಲಾನಿಗೆ, ನೋಡುವುದು ಮಸುಕು. ವೈಡ್‌ವೈನ್ ಎಲ್1 (ಆ್ಯಪ್‌ಗಳು ಎಚ್‌ಡಿ ಚಿತ್ರ ಕೊಡಲು ಕೇಳುವ ರಕ್ಷಣೆಯ ಮಟ್ಟ) ಇದೆಯಾ ಎಂದು ಕೇಳಿ. ಉತ್ತರ ತಡವರಿಸಿದರೆ ಮಿಷನ್ ಬೆಳಕಿಗೆ ಸಾಕು, ಆ್ಯಪಿಗೆ ಹೊರಗಿನ ಸ್ಟಿಕ್ ಹಾಕಿ. ಮೂರು ವರ್ಷದಲ್ಲಿ ಆ್ಯಪ್ ಹಳತಾದರೆ ಆಗ ಸ್ಟಿಕ್ ಮಾತ್ರ ಬದಲಿಸಬಹುದು.

ಹಂತ 6: ಕರೆಂಟು, ಮಿಂಚು

ಏಪ್ರಿಲ್-ಮೇ ಸಂಜೆಯ ಗುಡುಗು, ಅಕ್ಟೋಬರಿನ ಗುಡುಗು, ಎರಡನ್ನೂ ನೆನಪಿಟ್ಟುಕೊಂಡು ಈ ಭಾಗ ಓದಿ. ಹಳೇ ಕ್ರಮದ ಲ್ಯಾಂಪ್ ಪ್ರೊಜೆಕ್ಟರಿನಲ್ಲಿ ಕರೆಂಟ್ ಏಕಾಏಕಿ ಹೋದರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ, ಲ್ಯಾಂಪಿನ ಬಿಸಿ ಒಳಗೇ ಉಳಿಯುತ್ತದೆ. ಬಂದ ಕೂಡಲೇ ಮತ್ತೆ ಹೊತ್ತಿಸಲಿಕ್ಕೂ ಆಗುವುದಿಲ್ಲ, ತಣಿಯುವ ತನಕ ಕಾಯಬೇಕು. ದಿನಕ್ಕೆ ಮೂರು ಸಲ ಹೋಗಿ ಬರುವ ಕಡೆ ಲ್ಯಾಂಪ್ ಮಾಡೆಲ್ ತೆಗೆದುಕೊಂಡರೆ ಜೊತೆಗೆ ಯುಪಿಎಸ್‌ನ ಖರ್ಚನ್ನೂ ಸೇರಿಸಿ. ಸಿನಿಮಾ ಮುಗಿಸುವಷ್ಟು ಹೊತ್ತು ಅದು ನಡೆಯಬೇಕೆಂದೇನೂ ಇಲ್ಲ, ಕ್ರಮವಾಗಿ ಆಫ್ ಮಾಡಲು ಐದು ನಿಮಿಷ ಸಿಕ್ಕರೆ ಸಾಕು. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಆಗಿರಲಿ, ಹಿಂದಿನ ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ.

ಲೇಸರ್, ಎಲ್‌ಇಡಿಗಳಿಗೆ ಈ ಪೀಕಲಾಟ ಕಡಿಮೆ. ಆಯುಷ್ಯದ ಲೆಕ್ಕವೂ ಬೇರೆ. ದಿನಕ್ಕೆ ಮೂರು ಗಂಟೆಯಂತೆ 4,000 ಗಂಟೆಯ ಲ್ಯಾಂಪ್ ಮೂರೂವರೆ ವರ್ಷ ದಾಟಿ ಸ್ವಲ್ಪ ಬರುತ್ತದೆ, 20,000 ಗಂಟೆಯ ಲೇಸರ್ ಹದಿನೆಂಟು ವರ್ಷ. ಆ 20,000 ಎಂಬುದು ಬೆಳಕು ಅರ್ಧಕ್ಕೆ ಇಳಿಯುವ ತನಕದ ಲೆಕ್ಕ, ಮಿಷನ್ನಿನ ಉಳಿದ ಭಾಗಗಳು ಅಷ್ಟು ವರ್ಷ ಬಾಳುತ್ತವೆಂದು ಯಾರೂ ಮಾತು ಕೊಟ್ಟಿಲ್ಲ. ನನ್ನ ಕಣ್ಣಿಗೆ ಹದಿನೆಂಟು ವರ್ಷಕ್ಕಿಂತ ಥಟ್ಟನೆ ಹೊತ್ತಿ ಥಟ್ಟನೆ ಆರುವ ಗುಣವೇ ದೊಡ್ಡದು.

‘ಡೈರೆಕ್ಟ್ ಪವರ್ ಆನ್’ ಎಂಬ ಸೆಟ್ಟಿಂಗ್ ಕೆಲವು ಪ್ರೊಜೆಕ್ಟರ್‌ಗಳಲ್ಲಿ ಉಂಟು. ಆಫೀಸು, ಶಾಲೆಗೆ ಒಳ್ಳೆಯದು. ಮನೆಯಲ್ಲಿ ಅದು ಆನ್ ಇದ್ದರೆ, ಹೋದ ಕರೆಂಟ್ ನಡುರಾತ್ರಿ ಬಂದಾಗ ಪ್ರೊಜೆಕ್ಟರ್ ತಾನೇ ಎದ್ದು ಖಾಲಿ ಚಾವಡಿಗೆ ಬೆಳಗಿನ ತನಕ ಬೆಳಕು ಚೆಲ್ಲುತ್ತದೆ. ತಂದ ದಿನವೇ ಆಫ್ ಮಾಡಿ. ಗುಡುಗು ಶುರುವಾದರೆ ಪ್ಲಗ್ ಕೀಳುವುದರ ಜೊತೆ ಡಿಶ್‌ನಿಂದ ಬಾಕ್ಸಿಗೆ ಬರುವ ವೈರನ್ನೂ ಬಿಚ್ಚಿ, ಮಿಂಚು ಆ ದಾರಿಯಿಂದಲೂ ಬರುತ್ತದೆ.

ಹಂತ 7: ಶೀತ, ಉಪ್ಪು, ಹುಳ

ಬೆಂಗಳೂರಿನವರು ಈ ಹಂತ ಬಿಟ್ಟುಬಿಡಬಹುದು. ಕರಾವಳಿಯವರಿಗೆ ಇದು ಎರಡನೇ ಹಂತದಷ್ಟೇ ಮುಖ್ಯ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರಿದು. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಆಷಾಢ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ, ಲೆನ್ಸಿನ ಒಳಮೈಗೂ ಹಿಡಿಯಬಹುದು. ಮ್ಯಾನುವಲ್‌ನ ಕೊನೆಯಲ್ಲಿ ತೇವಾಂಶದ ಮಿತಿ ಬರೆದಿರುತ್ತದೆ, ಕೆಲವಕ್ಕೆ ಶೇ. 80, ಕೆಲವಕ್ಕೆ ಶೇ. 90. ನಮ್ಮ ಜುಲೈ ಬೆಳಗುಗಳು 90 ದಾಟುತ್ತವೆ. ಇಬ್ಬರು ಸಮಬಲರ ನಡುವೆ ಆರಿಸುವಾಗ ನಾನು 90ರ ಕಡೆ.

ಇನ್ನೊಂದು ವ್ಯತ್ಯಾಸ ಒಳಗಿನ ಕಟ್ಟಡದಲ್ಲಿದೆ. ಮೂರು ಎಲ್‌ಸಿಡಿ ಫಲಕಗಳ ಪ್ರೊಜೆಕ್ಟರಿನಲ್ಲಿ ಫಲಕ ತಂಪಾಗಿಸಲು ಹೊರಗಿನ ಗಾಳಿ ಒಳಗೆ ಹರಿಯುತ್ತದೆ, ಅದಕ್ಕೇ ಫಿಲ್ಟರ್. ಫಿಲ್ಟರನ್ನು ತಿಂಗಳಿಗೊಮ್ಮೆ ಮೆತ್ತಗಿನ ಬ್ರಷ್‌ನಲ್ಲಿ ಒರೆಸದಿದ್ದರೆ ಧೂಳಿನ ಕಣ ಫಲಕದ ಮೇಲೆ ಕೂತು, ಕಪ್ಪು ದೃಶ್ಯದಲ್ಲಿ ಹಸಿರೋ ನೇರಳೆಯೋ ಮಚ್ಚೆಯಾಗಿ ಕಾಣುತ್ತದೆ. ಇದರಲ್ಲಿ ಕೇಳಬೇಕಾದದ್ದು: ತೂಗುಹಾಕಿದ ಮೇಲೆ ಮಿಷನ್ ಇಳಿಸದೆ ಫಿಲ್ಟರ್ ತೆಗೆಯಲು ಬರುತ್ತದಾ? ಡಿಎಲ್‌ಪಿಯಲ್ಲಿ (ಸಣ್ಣ ಕನ್ನಡಿಗಳ ಚಿಪ್ಪಿನಿಂದ ಚಿತ್ರ ಮೂಡಿಸುವ ಜಾತಿ) ಬೆಳಕಿನ ಭಾಗ ಮುಚ್ಚಿದ ಡಬ್ಬಿಯಂತೆ ಇರುವ ಮಾಡೆಲ್‌ಗಳು ಸಿಗುತ್ತವೆ. ಮಲ್ಪೆ, ಪಣಂಬೂರು, ಕಾಪುವಿನಂತೆ ಕಡಲ ಗಾಳಿ ನೇರ ಬಡಿಯುವ ಕಡೆ ನಾನು ಮುಚ್ಚಿದ ಡಬ್ಬಿಯದ್ದನ್ನೇ ಹೇಳುತ್ತೇನೆ.

ಮೊದಲ ಮಳೆಯ ಮಾರನೇ ಸಂಜೆ ರೆಕ್ಕೆಯ ಗೆದ್ದಲು ಏಳುತ್ತದಲ್ಲ, ಅವತ್ತು ಸಿನಿಮಾ ಹಾಕಬೇಡಿ. ಮನೆಯಲ್ಲಿ ಅತಿ ಪ್ರಖರವಾದ ದೀಪ ನಿಮ್ಮ ಲೆನ್ಸೇ. ಬಳಸದ ಜ್ಯಾಕ್ ತೂತುಗಳಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಕಟ್ಟುವುದೂ ಸುಳ್ಳಲ್ಲ, ರಬ್ಬರ್ ಮುಚ್ಚಳ ಕೊಟ್ಟಿದ್ದರೆ ಬಿಸಾಡಬೇಡಿ. ಬಳಸದ ವಾರಗಳಲ್ಲೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಹೊತ್ತಿಸಿಡಿ. ಚಿಕ್ಕ ಪೋರ್ಟಬಲ್ ಆದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ ಆಯಿತು.

ಹಂತ 8: ಕಣ್ಣಿನ ಪರೀಕ್ಷೆ, ಆಟ, ಇತ್ಯಾದಿ

ಒಂದೇ ಚಿಪ್ಪಿನ ಡಿಎಲ್‌ಪಿ ಪ್ರೊಜೆಕ್ಟರ್ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ವೇಗವಾಗಿ ತೋರಿಸುತ್ತದೆ, ಸೇರಿಸಿಕೊಳ್ಳುವುದು ನಮ್ಮ ಕಣ್ಣು. ಕೆಲವರ ಕಣ್ಣಿಗೆ ಅದು ಸೇರುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವುದೇನಾದರೂ ಸರಿದರೆ ಅಂಚಿನಲ್ಲಿ ಕಾಮನಬಿಲ್ಲು ಮಿಂಚುತ್ತದೆ. ಕತ್ತಲ ರಂಗಸ್ಥಳದಲ್ಲಿ ಕಿರೀಟ ಮಿನುಗಿಸುತ್ತ ಧಿಗಿಣ (ಗಿರಕಿ) ಹಾಕುವ ವೇಷಕ್ಕಿಂತ ಒಳ್ಳೆಯ ಪರೀಕ್ಷೆ ಇದಕ್ಕಿಲ್ಲ, ಚೆಂಡೆ ಪರೀಕ್ಷೆಯ ಅದೇ ವೀಡಿಯೋ ಸಾಕು. ಮನೆಯ ಎಲ್ಲರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ನನಗೆ ಏನೂ ಕಾಣಲಿಲ್ಲ, ತಂಗಿಗೆ ಹತ್ತು ನಿಮಿಷದಲ್ಲಿ ತಲೆನೋವು ಬಂತು. ಒಬ್ಬರಿಗೆ ಕಂಡರೂ ಮೂರು ಫಲಕದ ಎಲ್‌ಸಿಡಿಗೆ ಹೋಗುವುದೇ ದಾರಿ.

ಗೇಮ್ ಆಡುವ ಮಕ್ಕಳಿದ್ದರೆ ಇನ್‌ಪುಟ್ ಲ್ಯಾಗ್ (ಬಟನ್ ಒತ್ತಿದ್ದು ಗೋಡೆಯಲ್ಲಿ ಕಾಣುವ ತನಕದ ತಡ) ಎಷ್ಟು ಎಂದು ಕೇಳಿ. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್, ಆ ಸುತ್ತಮುತ್ತ ಇದ್ದರೆ ಚಂದ, 50 ದಾಟಿದರೆ ಬೈಗುಳ ಕೇಳಬೇಕಾಗುತ್ತದೆ. ಕೀಸ್ಟೋನ್ ಹಾಕಿದರೆ ಕೆಲವು ಮಿಷನ್‌ಗಳಲ್ಲಿ ಈ ಅಂಕಿ ಏರುತ್ತದೆ. ಚಲನೆ ನಯಗೊಳಿಸುವ ಸೌಲಭ್ಯ ಕ್ರಿಕೆಟಿಗೆ ಆಗಬಹುದು, ಸೆಕೆಂಡಿಗೆ 24 ಫ್ರೇಮಿನ ಸಿನಿಮಾ ಅದರಲ್ಲಿ ಧಾರಾವಾಹಿಯಂತೆ ಕಾಣುತ್ತದೆ. ಆಫ್ ಮಾಡಲು ಬರಬೇಕು, ಅಷ್ಟೇ. 3ಡಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ.

ಹಂತ 9: ಸರ್ವಿಸ್

ಎರಡು ಪ್ರಶ್ನೆ ಕೇಳಿ, ಉತ್ತರ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ರಿಪೇರಿ ಮಂಗಳೂರಿನಲ್ಲೇ ಆಗುತ್ತದೋ, ಇಲ್ಲಿ ಪೆಟ್ಟಿಗೆ ಮಾತ್ರ ತೆಗೆದುಕೊಂಡು ಬೆಂಗಳೂರಿಗೆ ಕಳಿಸುತ್ತಾರೋ? ಲ್ಯಾಂಪಿಗೆ ವಾರಂಟಿ ಎಷ್ಟು? ಮಿಷನ್ನಿಗೆ ಎರಡು ವರ್ಷ ಎಂದು ದೊಡ್ಡದಾಗಿ ಬರೆದು ಲ್ಯಾಂಪಿಗೆ ಗಂಟೆಯ ಲೆಕ್ಕ ಬೇರೆ ಇಟ್ಟಿರುತ್ತಾರೆ. ನನ್ನ ಮೊದಲ ಮಿಷನ್ ಒಂದು ಮಳೆಗಾಲದಲ್ಲಿ ಹೋದದ್ದು, ಘಾಟಿ ಬಂದ್, ಬಿಡಿಭಾಗ ಇಲ್ಲ ಎಂಬ ಕಾರಣಗಳ ನಡುವೆ ಏಳು ವಾರ ಕಳೆದು ಬಂತು.

ಹಂತ 10: ಈಗ ಹೋಲಿಕೆ

ಹತ್ತಕ್ಕೆ ಇಷ್ಟು ಅಂಕ ಎಂದು ಎಲ್ಲ ಸೌಲಭ್ಯ ಕೂಡಿಸುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಲೆನ್ಸ್ ಶಿಫ್ಟ್ ಇಲ್ಲದ ಕೊರತೆಯನ್ನು ಎರಡು ಹೆಚ್ಚಿನ ಯುಎಸ್‌ಬಿ ಪೋರ್ಟ್ ತುಂಬಿಕೊಡುವುದಿಲ್ಲ. ಒಂದು ಹಾಳೆಯಲ್ಲಿ ಮೂರು ಕಂಬ ಎಳೆಯಿರಿ. ‘ಇಲ್ಲದಿದ್ದರೆ ಬೇಡ’, ‘ಇದ್ದರೆ ಒಳ್ಳೆಯದು’, ‘ಹೊರಗಿನಿಂದ ತರಬಹುದು’. ಸ್ಪೀಕರ್, ಆ್ಯಪ್, ಯುಪಿಎಸ್ ಮೂರನೇ ಕಂಬಕ್ಕೆ, ಅವುಗಳ ಬೆಲೆಯನ್ನು ಮಿಷನ್ನಿನ ಬೆಲೆಗೆ ಸೇರಿಸಿ. ಮೊದಲ ಕಂಬದಲ್ಲಿ ಎರಡು ಅಥವಾ ಮೂರಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಒಂದು ತಪ್ಪಿದರೂ ಆ ಮಾಡೆಲ್ ಹೊಡೆದುಹಾಕಿ.

ಕಳೆದ ವರ್ಷ ಎರಡು ಮನೆಗೆ ಒಂದೇ ಜೋಡಿಯನ್ನು ಹೋಲಿಸಿದ್ದೆ. ‘ಕ’ ಎಂಬುದು ಡಿಎಲ್‌ಪಿ, ಲೇಸರ್, ಮುಚ್ಚಿದ ಡಬ್ಬಿ, ಆದರೆ ಝೂಮ್ ಇಲ್ಲ, ಶಿಫ್ಟ್ ಇಲ್ಲ, ಸದ್ದು 30 ಡೆಸಿಬಲ್. ‘ಖ’ ಎಲ್‌ಸಿಡಿ, ಲ್ಯಾಂಪ್, 1.6 ಪಟ್ಟು ಝೂಮ್, ಒಳ್ಳೆಯ ಶಿಫ್ಟ್, ಇಕೋದಲ್ಲಿ 26 ಡೆಸಿಬಲ್, ಫಿಲ್ಟರ್ ಬದಿಯಿಂದ ತೆಗೆಯಬಹುದು. ಬೆಲೆ ಹೆಚ್ಚುಕಡಿಮೆ ಒಂದೇ. ಬೆಜೈಯ ಫ್ಲ್ಯಾಟಿನ ಅಕ್ಕನಿಗೆ ಸ್ಲ್ಯಾಬ್ ಕೊರೆಯಲು ಬಿಲ್ಡಿಂಗಿನವರ ಅನುಮತಿ ಇಲ್ಲ, ಇದ್ದ ಜಾಗ ಸೋಫಾದ ಹಿಂದೆ ಐದಡಿ ಎತ್ತರದ ಕಪಾಟು ಒಂದೇ. ಐದಡಿ ಎಂದರೆ ಸುಮಾರು 152 ಸೆಂ.ಮೀ., ಶಿಫ್ಟ್ ಇಲ್ಲದೆ ಆಗದು. ‘ಕ’ ಮೊದಲ ಸಾಲಿನಲ್ಲೇ ಹೋಯಿತು. ಮಲ್ಪೆಯ ಗೆಳೆಯನದ್ದು ಸಮುದ್ರಕ್ಕೆ ಕಿಟಕಿ ತೆರೆಯುವ ಮನೆ, ಕರೆಂಟು ಸಂಜೆ ಹೊತ್ತು ಕಣ್ಣುಮುಚ್ಚಾಲೆ, ಫ್ಯಾನ್ ಇರುವುದು ಪಕ್ಕಕ್ಕೆ, ನಡುವಿನ ಟೀಪಾಯಿ ಗೋಡೆಯಿಂದ ಸರಿಯಾಗಿ ಎಂಟೂಮುಕ್ಕಾಲು ಅಡಿ, ಝೂಮ್ ಇಲ್ಲದ ‘ಕ’ಗೆ ಬೇಕಾದಷ್ಟೇ ದೂರ. ಅಲ್ಲಿ ‘ಖ’ ಹೋಯಿತು, ‘ಕ’ ಉಳಿಯಿತು. ಅದರ 30 ಡೆಸಿಬಲ್ಲನ್ನು ಅವನು ಕೇಳಿದ್ದೇ ಇಲ್ಲ, ಅಲೆಯ ಸದ್ದು ಅದಕ್ಕಿಂತ ಜೋರು.

ತಂದ ಮೇಲೆ ವಾಪಸ್ ಮಾಡುವ ಅವಧಿ ಮುಗಿಯುವ ತನಕ ಡ್ರಿಲ್ ಮುಟ್ಟಬೇಡಿ. ಏಣಿಯ ಮೆಟ್ಟಿಲಲ್ಲೋ ಸ್ಟೂಲಿನ ಮೇಲೆ ಪುಸ್ತಕ ಪೇರಿಸಿಯೋ ಇಟ್ಟು ನಾಲ್ಕು ಸಂಜೆ ನೋಡಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರ ಹಾಕಿ ಸತ್ತ ಪಿಕ್ಸೆಲ್, ಮಚ್ಚೆ ಹುಡುಕಿ. ನಡುವೆ ಫೋಕಸ್ ಮಾಡಿದಾಗ ನಾಲ್ಕು ಮೂಲೆಯ ಅಕ್ಷರ ಓದಲು ಬರುತ್ತದಾ ನೋಡಿ. ಎರಡು ಗಂಟೆ ಬಿಡದೆ ಓಡಿಸಿ, ಬಿಸಿಯಾದ ಮೇಲೆ ಫೋಕಸ್ ಜಾರುತ್ತದಾ, ಸದ್ದು ಏರುತ್ತದಾ ಗಮನಿಸಿ. ಎಲ್ಲ ಸರಿಯೆನಿಸಿದರೆ ಆಮೇಲೆ ಪೈಪ್ ಅಳತೆ ಬರೆದು ವೆಲ್ಡಿಂಗಿನವರಿಗೆ ಕೊಡಿ, ಬಂದ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಅಟ್ಟಕ್ಕೆ ಹಾಕಿ. ಸರ್ವಿಸಿಗೆ ಘಾಟಿ ಹತ್ತಿಸಬೇಕಾದಾಗ ಅದೇ ಪೆಟ್ಟಿಗೆ ಬೇಕು.